ಧರ್ಮಯುದ್ಧದ ಹೆಮ್ಮೆಯೂ ದಂಡಶಾಸನದ ಕೊರತೆಯೂ

ಹಲಸೂರಿನ ಮಹಾಜನರಿಗೆ ಸೈನ್ಯವೆಂಬುದು ಹೊಸ ಸಂಗತಿಯಲ್ಲ. 1809ರ ವೇಳೆಗೆ ಬ್ರಿಟಿಷರು ಈ ಕೆರೆಯ ಆಸುಪಾಸಿನಲ್ಲಿ ಪಾಳೆಯವನ್ನು ನೆಲೆಗೊಳಿಸಿದಂದಿನಿಂದಲೂ ಇದು ಸಿಪಾಯಿಗಳ ಊರು. 1947ರ ಜುಲೈಯಲ್ಲಿ ಈ ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿ ಸೇರಿದ ಮೇಲೂ ಆ ಲಕ್ಷಣವು ಅಳಿದಿಲ್ಲ. ಕೆರೆಯ ದಡದಲ್ಲಿ ಮದರಾಸು ಸ್ಯಾಪರ್ಸ್ ಪಡೆಯ ಕೇಂದ್ರವು ಈಗಲೂ ಇದೆ. ನಮ್ಮ ಜನರು ಈ ಪ್ರದೇಶವನ್ನು "ದಂಡು" ಎಂದು ಕರೆಯುತ್ತ ಬಂದಿರುವುದು ಅರ್ಥವತ್ತಾದ ಮಾತು. ದಂಡವೆಂಬ ಸಂಸ್ಕೃತ ಶಬ್ದಕ್ಕೆ ಸೇನೆಯೆಂಬ ಅರ್ಥವೂ ಉಂಟು, ಶಿಕ್ಷೆಯೆಂಬ ಅರ್ಥವೂ ಉಂಟು. ಆಯುಧವನ್ನು ಹಿಡಿಯುವ ಕೈ ಯಾವುದೋ ಅದೇ ಕೈ ಶಿಕ್ಷೆಗೂ ಗುರಿಯಾಗತಕ್ಕದ್ದೆಂಬ ವಿವೇಕವು ನಮ್ಮ ಪೂರ್ವಿಕರ ನುಡಿಯಲ್ಲಿಯೇ ಅಡಗಿದೆಯೆಂದು ಹೇಳಿದರೆ ತಪ್ಪಾಗಲಾರದು.

ಈಚೆಗೆ ನಮ್ಮ ಸಭೆಗಳಲ್ಲಿಯೂ ಭಾಷಣಗಳಲ್ಲಿಯೂ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ಯುದ್ಧಾಪರಾಧಗಳನ್ನು ವಿಚಾರಿಸುವ ಅಂತಾರಾಷ್ಟ್ರೀಯ ನ್ಯಾಯವೆಂದು ಇಂದು ಜಗತ್ತು ಯಾವುದನ್ನು ಕೊಂಡಾಡುತ್ತಿದೆಯೋ ಅದು ಭಾರತದ ಧರ್ಮಶಾಸ್ತ್ರಗಳಿಂದಲೇ ಹುಟ್ಟಿದುದು, ಪಾಶ್ಚಾತ್ಯರು ನಿನ್ನೆ ಮೊನ್ನೆ ಕಲಿತುದನ್ನು ನಾವು ಎರಡು ಸಹಸ್ರ ವರ್ಷಗಳ ಹಿಂದೆಯೇ ಆಚರಿಸುತ್ತಿದ್ದೆವು ಎಂಬುದು ಆ ಮಾತು. ಇದರಲ್ಲಿ ಸತ್ಯಾಂಶವೆಷ್ಟು, ಸ್ವಪ್ರಶಂಸೆಯೆಷ್ಟು ಎಂಬುದನ್ನು ಒರೆಗೆ ಹಚ್ಚಿ ನೋಡುವುದೂ, ಸತ್ಯಾಂಶವಿದ್ದಲ್ಲಿ ಅದರಿಂದ ನಮ್ಮ ಮೇಲೆ ಬೀಳುವ ಹೊಣೆಯೇನೆಂಬುದನ್ನು ವಾಚಕರ ಮುಂದಿಡುವುದೂ ಪ್ರಕೃತ ಲೇಖನದ ಉದ್ದೇಶವಾಗಿದೆ.

ಶಾಸ್ತ್ರಗ್ರಂಥಗಳಿಗೆ ಕೈಹಚ್ಚುವ ಮೊದಲು ನಮ್ಮ ಊರಿನ ಅನುಭವವನ್ನೇ ನೋಡೋಣ. ಬೆಂಗಳೂರು ಪೇಟೆಯ ಮೂಡಣ ಬಾಗಿಲಿಗೆ ಹಲಸೂರು ಬಾಗಿಲೆಂದು ಹೆಸರು. ಅಲ್ಲಿಂದ ಹೊರಟ ದಾರಿಯು ಹಲಸೂರಿಗೆ ಬರುತ್ತಿತ್ತು. ಬಾಗಿಲು ಅಳಿದುಹೋದರೂ ಹಲಸೂರು ಗೇಟ್ ಎಂಬ ಹೆಸರು ಉಳಿದಿದೆ. 1791ರ ಮಾರ್ಚ್ 7ರಂದು ಲಾರ್ಡ್ ಕಾರ್ನ್‌ವಾಲಿಸನ ಸೇನೆಯು ಈ ಬಾಗಿಲನ್ನು ಒಡೆದು ಪೇಟೆಗೆ ನುಗ್ಗಿತು. ಕರ್ನಲ್ ಮೂರ್‌ಹೌಸ್ ಎಂಬ ಇಂಗ್ಲಿಷ್ ಅಧಿಕಾರಿಯು ಆ ಕಾದಾಟದಲ್ಲಿ ಮಡಿದನು. ಎರಡು ವಾರಗಳ ಅನಂತರ, 21ನೆಯ ತಾರೀಖಿನ ರಾತ್ರಿ, ಕೋಟೆಯೂ ಬಿದ್ದಿತು. ಕಿಲ್ಲೇದಾರ ಬಹಾದುರ್ ಖಾನನು ಹಿಮ್ಮೆಟ್ಟದೆ ಹೋರಾಡಿ ಪ್ರಾಣಬಿಟ್ಟನು. ಕೋಟೆಯ ಗೋಡೆಯ ಮೇಲೆ ಒಂದು ಫಲಕವಿದೆ. ಬ್ರಿಟಿಷರು ಈ ಬಿರುಕಿನ ಮೂಲಕ ದಾಳಿಮಾಡಿದರೆಂದು ಅದು ಹೇಳುತ್ತದೆ. ಮೂರ್‌ಹೌಸನ ಮರಣವನ್ನು ರಾಬರ್ಟ್ ಹೋಮ್ ಎಂಬ ಚಿತ್ರಕಾರನು ದೊಡ್ಡ ಪಟದಲ್ಲಿ ಬರೆದಿದ್ದಾನೆ. ಪೇಟೆಯೊಳಗಿದ್ದ ನೇಕಾರ, ವರ್ತಕ, ಕೂಲಿಕಾರರಿಗೆ ಅಂದು ಏನಾಯಿತೆಂಬುದನ್ನು ಹೇಳುವ ಫಲಕವಾಗಲಿ ಚಿತ್ರವಾಗಲಿ ಅಲ್ಲಿಲ್ಲ.

ಗೆದ್ದವರು ಬರೆದ ಚರಿತ್ರೆಯೆಂದರೆ ಇದೇ. ಹಾಗೆಂದು ಸೋತ ಪಕ್ಷವು ನಿಷ್ಕಳಂಕವಾಗಿತ್ತೆಂದು ಸಾಧಿಸುವುದೂ ನ್ಯಾಯವಲ್ಲ. ಶ್ರೀರಂಗಪಟ್ಟಣದ ಸೆರೆಮನೆಗಳಲ್ಲಿ ಯುದ್ಧಕೈದಿಗಳು ವರ್ಷಗಟ್ಟಲೆ ಕೊಳೆತುದು ಅದೇ ಕಾಲದ ಇತಿಹಾಸದಲ್ಲಿ ದಾಖಲೆಯಾಗಿರುವ ವಿಷಯ. 1799ರಲ್ಲಿ ಆ ಕೋಟೆಗೆ ಲಗ್ಗೆಯಿಟ್ಟ ಸೇನಾನಿ ಬೇರ್ಡನೇ ಹಿಂದೆ ಅಲ್ಲಿ ಸುಮಾರು ನಾಲ್ಕು ವರ್ಷ ಕೈದಿಯಾಗಿದ್ದವನು. ಎರಡು ಪಕ್ಷಗಳ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಅಂದು ಯಾರೂ ಇರಲಿಲ್ಲ. ಆ ತಕ್ಕಡಿಯನ್ನು ನಿಲ್ಲಿಸುವ ಪ್ರಯತ್ನವೇ ಅಂತಾರಾಷ್ಟ್ರೀಯ ಅಪರಾಧ ಶಾಸನವೆಂಬುದು.

ನಮ್ಮ ನಾಡಿನ ಸಾಮಾನ್ಯ ಜನರು ಮಾತ್ರ ಯುದ್ಧದ ದುಷ್ಕೃತ್ಯಗಳನ್ನು ತಮ್ಮದೇ ಆದ ರೀತಿಯಲ್ಲಿ ನೆನಪಿಟ್ಟುಕೊಂಡಿದ್ದರು. ಬೆಂಗಳೂರೆಂಬ ಹೆಸರು ಮೊದಲು ಕಾಣಬರುವುದೇ ಬೇಗೂರಿನ ಒಂದು ಶಾಸನದಲ್ಲಿ, ಅದೂ ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನ ಸ್ಮಾರಕವಾಗಿ, ಕಾಲ ಕ್ರಿ. ಶ. 890ರ ಸುಮಾರು. ಕನ್ನಡ ನಾಡಿನ ಊರೂರುಗಳಲ್ಲಿ ನಿಂತಿರುವ ಇಂತಹ ವೀರಗಲ್ಲುಗಳನ್ನು ಓದಿದವರಿಗೆ ಮೂರು ಶಬ್ದಗಳು ಪರಿಚಿತವಾಗಿರುತ್ತವೆ. ದನಕರುಗಳನ್ನು ಸೂರೆಹೊಡೆಯುವುದು "ತುರುಗೋಳ್". ಹೆಣ್ಣುಮಕ್ಕಳ ಮೇಲೆ ಕೈಮಾಡಿದಾಗ ಏಳುವ ಮೊರೆ "ಪೆಣ್ಬುಯ್ಯಲ್". ಊರನ್ನೇ ನಾಶಮಾಡುವುದು "ಊರಳಿವು". ಈ ಮೂರನ್ನು ತಡೆಯುವುದಕ್ಕಾಗಿ ಸತ್ತವನಿಗೆ ಊರವರು ಕಲ್ಲು ನೆಟ್ಟರು, ಕೆಲವೆಡೆ ಅವನ ಮನೆಯವರಿಗೆ ಭೂಮಿಯನ್ನೂ ಬಿಟ್ಟರು. ಇಂದಿನ ಅಂತಾರಾಷ್ಟ್ರೀಯ ಶಾಸನವು ಕೊಳ್ಳೆ, ಸ್ತ್ರೀಯರ ಮೇಲಣ ಅತ್ಯಾಚಾರ, ನಿರಾಯುಧ ಗ್ರಾಮಗಳ ಮೇಲಣ ದಾಳಿ ಎಂದು ಹೆಸರಿಸಿರುವ ಯುದ್ಧಾಪರಾಧಗಳಿಗೆ ನಮ್ಮ ಹಳ್ಳಿಯ ಜನರು ಸಾವಿರ ವರ್ಷಗಳ ಹಿಂದೆಯೇ ಒಂದೊಂದು ಶಬ್ದವನ್ನು ಇಟ್ಟುಕೊಂಡಿದ್ದರು. ಅರಸನ ದಿಗ್ವಿಜಯವನ್ನು ಹೊಗಳುವ ತಾಮ್ರಪಟಗಳಿಗಿಂತ ಈ ಕಲ್ಲುಗಳು ನ್ಯಾಯಕ್ಕೆ ಹೆಚ್ಚು ಸಮೀಪವಾಗಿವೆ.

ಶಾಸ್ತ್ರಗಳ ಸಾಕ್ಷ್ಯವೂ ಕಡಿಮೆಯದಲ್ಲ. ಕುರುಕ್ಷೇತ್ರದಲ್ಲಿ ಯುದ್ಧವು ಆರಂಭವಾಗುವ ಮೊದಲು ಎರಡು ಪಕ್ಷದವರೂ ಕಟ್ಟುಪಾಡುಗಳನ್ನು ಮಾಡಿಕೊಂಡರೆಂದು ಭೀಷ್ಮಪರ್ವವು ಹೇಳುತ್ತದೆ: ಆಯುಧವನ್ನು ಕಳೆದುಕೊಂಡವನನ್ನು, ಬೆನ್ನು ತಿರುಗಿಸಿದವನನ್ನು, ಬೇರೊಬ್ಬನೊಡನೆ ಹೋರಾಡುತ್ತಿರುವವನನ್ನು ಹೊಡೆಯಕೂಡದು, ಸಾರಥಿಗಳನ್ನೂ ಭೇರಿ ಶಂಖಗಳನ್ನು ಬಾರಿಸುವವರನ್ನೂ ಮುಟ್ಟಕೂಡದು. ಮನುವಿನ ಏಳನೆಯ ಅಧ್ಯಾಯವು ಮುಳ್ಳಿನ ಅಲಗಿನ ಬಾಣವನ್ನೂ ವಿಷದ ಬಾಣವನ್ನೂ ಬೆಂಕಿಯ ಬಾಣವನ್ನೂ ನಿಷೇಧಿಸುತ್ತದೆ. ದೇಹದೊಳಗೆ ಅರಳಿ ಹಿಗ್ಗುವ ಗುಂಡನ್ನು 1899ರ ಹೇಗ್ ಸಮ್ಮೇಳನವು ನಿಷೇಧಿಸಿತು. ಆ ಗುಂಡಿಗೆ "ಡಂಡಂ" ಎಂಬ ಹೆಸರು ಬಂದುದು ಕಲ್ಕತ್ತೆಯ ಬಳಿಯ ಡಂಡಂ ಶಸ್ತ್ರಾಗಾರದಿಂದ. ಅದನ್ನು ತಯಾರಿಸಿದವರು ಭಾರತೀಯರಲ್ಲ, ಭಾರತವನ್ನು ಆಳುತ್ತಿದ್ದವರು. ಮುಳ್ಳುಬಾಣವನ್ನು ಬೇಡವೆಂದ ದೇಶದ ಊರಿನ ಹೆಸರು ಆ ಗುಂಡಿಗೆ ಅಂಟಿಕೊಂಡಿತು.

ಮೈಸೂರಿನವರಾದ ನಮಗೆ ಈ ವಿಷಯದಲ್ಲಿ ವಿಶೇಷವಾದ ಅಭಿಮಾನಕ್ಕೆ ಕಾರಣವಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಕಳೆದುಹೋಯಿತೆಂದೇ ಲೋಕವು ನಂಬಿದ್ದ ಕಾಲದಲ್ಲಿ, ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದರ ತಾಳೆಯೋಲೆಯ ಪ್ರತಿಯನ್ನು ಗುರುತಿಸಿದರು. 1909ರಲ್ಲಿ ಮೂಲವನ್ನು ಅಚ್ಚುಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಕೋಟೆಯನ್ನು ಹಿಡಿಯುವಾಗ ಕೆಳಗೆ ಬಿದ್ದವರಿಗೂ ಶರಣಾದವರಿಗೂ ಆಯುಧವನ್ನು ಬಿಸುಟವರಿಗೂ ಹೋರಾಡದೆ ಇರುವವರಿಗೂ ಅಭಯವನ್ನು ಕೊಡತಕ್ಕದ್ದೆಂದು ಆ ಗ್ರಂಥವು ವಿಧಿಸುತ್ತದೆ. ಗೆದ್ದ ನಾಡಿನಲ್ಲಿ ಸೆರೆಯಾಳುಗಳನ್ನು ಬಿಡಿಸಿ, ದೀನರಿಗೂ ರೋಗಿಗಳಿಗೂ ನೆರವಾಗಿ, ಅಲ್ಲಿಯ ಜನರ ಭಾಷೆ, ಉಡುಪು, ಆಚಾರಗಳನ್ನು ಅರಸನು ತಾನೂ ಅನುಸರಿಸಬೇಕೆಂದೂ ಹೇಳುತ್ತದೆ. ಆದರೆ ಅದೇ ಗ್ರಂಥವು ವಿಷಪ್ರಯೋಗವನ್ನೂ ಕೂಟಯುದ್ಧವನ್ನೂ ಬೋಧಿಸುತ್ತದೆಂಬುದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ನಮ್ಮ ಪರಂಪರೆಯಲ್ಲಿ ಸಂಯಮವೂ ಇತ್ತು, ಕುಟಿಲತೆಯೂ ಇತ್ತು. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತೇವೆಂಬುದು ನಮಗೆ ಬಿಟ್ಟದ್ದು.

ಇಷ್ಟಿದ್ದರೂ ಅಂತಾರಾಷ್ಟ್ರೀಯ ಶಾಸನವು ನಮ್ಮಿಂದಲೇ ಹುಟ್ಟಿತೆಂದು ಹೇಳಲು ಆಧಾರ ಸಾಲದು. ಅದರ ವಂಶಾವಳಿಯು ಬೇರೆಯಾಗಿದೆ. 1859ರಲ್ಲಿ ಸೊಲ್ಫೆರಿನೊ ಯುದ್ಧಭೂಮಿಯ ನರಳಾಟವನ್ನು ಕಂಡ ಆನ್ರಿ ಡ್ಯುನಾನ್ ಎಂಬ ಸ್ವಿಸ್ ವರ್ತಕನ ಕರುಣೆಯಿಂದ 1864ರ ಜಿನೀವಾ ಒಪ್ಪಂದವು ಹುಟ್ಟಿತು. ಅನಂತರ ಹೇಗ್ ಸಮ್ಮೇಳನಗಳು, ಎರಡನೆಯ ಮಹಾಯುದ್ಧದ ಮೇಲೆ ನ್ಯೂರೆಂಬರ್ಗ್ ಮತ್ತು ಟೋಕಿಯೋ ವಿಚಾರಣೆಗಳು, ಕಡೆಗೆ 1998ರ ರೋಮ್ ಶಾಸನ, 2002ರಿಂದ ಹೇಗ್ ನಗರದಲ್ಲಿ ಶಾಶ್ವತವಾದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ. ಈ ಮಾರ್ಗದಲ್ಲಿ ನಮ್ಮ ಸ್ಮೃತಿಗಳು ದಾರಿದೀಪವಾಗಿದ್ದುವೆಂದು ಹೇಳಲಾಗದು. ಆದರೆ ದಾರಿ ತಪ್ಪಿದ ಕಡೆಯಲ್ಲಿ ನಿಲ್ಲಿಸಿ ಪ್ರಶ್ನಿಸಿದ ಧ್ವನಿಗಳಲ್ಲಿ ನಮ್ಮ ಕಡೆಯ ಧ್ವನಿಯೂ ಇತ್ತು. ಪ್ರಭಾವವೆಂಬುದನ್ನು ಅಲ್ಲಿ ಹುಡುಕತಕ್ಕದ್ದು.

ಆ ಧ್ವನಿಗಳಲ್ಲಿ ಮೊದಲನೆಯದು ನ್ಯಾಯಮೂರ್ತಿ ರಾಧಾಬಿನೋದ ಪಾಲರದು. ಹಿಂದೂ ನ್ಯಾಯಶಾಸ್ತ್ರದ ಇತಿಹಾಸವನ್ನೂ ತತ್ತ್ವವನ್ನೂ ಕುರಿತು ಗ್ರಂಥರಚನೆ ಮಾಡಿದ್ದ ಈ ಬಂಗಾಳಿ ಪಂಡಿತರು 1946ರಲ್ಲಿ ಟೋಕಿಯೋ ನ್ಯಾಯಮಂಡಲಿಯ ಹನ್ನೊಂದು ನ್ಯಾಯಾಧೀಶರಲ್ಲಿ ಒಬ್ಬರಾಗಿ ಕುಳಿತರು. 1948ರ ನವೆಂಬರಿನಲ್ಲಿ ತೀರ್ಪು ಹೊರಬಿದ್ದಾಗ ಆಪಾದಿತರಾದ ಇಪ್ಪತ್ತೈದು ಮಂದಿಯೂ ನಿರ್ದೋಷಿಗಳೆಂದು ಸಾವಿರಕ್ಕೂ ಮಿಕ್ಕಿದ ಪುಟಗಳ ಭಿನ್ನಾಭಿಪ್ರಾಯವನ್ನು ಕೊಟ್ಟರು. ಕೃತ್ಯವು ನಡೆದಾಗ ಇಲ್ಲದಿದ್ದ ಅಪರಾಧವನ್ನು ಆಮೇಲೆ ಸೃಷ್ಟಿಸಿ ಶಿಕ್ಷಿಸುವುದು ನ್ಯಾಯವಲ್ಲ, ಗೆದ್ದವರೇ ಕುಳಿತು ಸೋತವರನ್ನು ಮಾತ್ರ ವಿಚಾರಿಸುವುದು ನ್ಯಾಯದ ವೇಷವನ್ನು ತೊಟ್ಟ ಸೇಡು ಎಂಬುದು ಅವರ ವಾದದ ತಿರುಳು. ಹಿರೋಷಿಮಾ ನಾಗಸಾಕಿಗಳ ಮೇಲೆ ಅಣುಬಾಂಬು ಹಾಕಿದವರನ್ನು ಯಾವ ನ್ಯಾಯಾಲಯವೂ ಕರೆಸಲಿಲ್ಲವೆಂಬುದನ್ನು ಅವರು ಮರೆಯಲಿಲ್ಲ. ವಾದಸರಣಿಯು ಬಹುಮಟ್ಟಿಗೆ ಪಾಶ್ಚಾತ್ಯ ನ್ಯಾಯಶಾಸ್ತ್ರದ್ದೇ ಆದರೂ, ಆಳಿಸಿಕೊಂಡ ದೇಶದಿಂದ ಹೋದವನು ಆಳುವವರ ನ್ಯಾಯವನ್ನು ನೋಡುವ ಕಣ್ಣು ಅದರಲ್ಲಿತ್ತು.

ಪಾಲರ ತೀರ್ಪನ್ನು ಕುರುಡಾಗಿ ಹೊಗಳುವುದು ನಮ್ಮ ಉದ್ದೇಶವಲ್ಲ. ಜಪಾನೀ ಸೇನೆಯು ಕೈದಿಗಳ ಮೇಲೂ ನಿರಾಯುಧರ ಮೇಲೂ ನಡೆಸಿದ ಕ್ರೌರ್ಯಕ್ಕೆ ಸಾಕ್ಷ್ಯವು ಪ್ರಬಲವಾಗಿದೆಯೆಂದು ಅವರೇ ಒಪ್ಪಿದ್ದರು; ಅದನ್ನು ಆ ಇಪ್ಪತ್ತೈದು ಮಂದಿಯ ತಲೆಗೆ ಕಟ್ಟುವುದಕ್ಕೆ ಮಾತ್ರ ಪುರಾವೆ ಸಾಲದೆಂದರು. ಆ ವಿವೇಚನೆಯನ್ನು ಬಿಟ್ಟು, ಅವರ ಹೆಸರನ್ನು ತಮ್ಮ ದೇಶದ ಪಾಪವನ್ನು ತೊಳೆಯುವ ತೀರ್ಥವನ್ನಾಗಿ ಮಾಡಿಕೊಂಡವರು ಜಪಾನಿನಲ್ಲಿ ಇದ್ದಾರೆ. ನಾನ್‌ಕಿಂಗಿನಲ್ಲಿ ಸತ್ತವರ ಮೊರೆಗೆ ಉತ್ತರವೆಲ್ಲಿ ಎಂಬ ಪ್ರಶ್ನೆಯನ್ನು ಪಾಲರ ತೀರ್ಪು ಪೂರ್ತಿಯಾಗಿ ಬಿಡಿಸಲಿಲ್ಲ. ಗೆದ್ದವರನ್ನು ಬಿಟ್ಟುದು ಅನ್ಯಾಯವೆಂಬುದರಿಂದ ಸೋತವರನ್ನೂ ಬಿಡತಕ್ಕದ್ದೆಂದು ಸಿದ್ಧವಾಗುವುದಿಲ್ಲ. ಇಬ್ಬರನ್ನೂ ಕರೆಸತಕ್ಕದ್ದೆಂಬುದೇ ಅದರಿಂದ ಸಿದ್ಧವಾಗುವುದು.

ಎರಡನೆಯ ಧ್ವನಿಯು ನೆರೆಯ ಸಿಂಹಳದಿಂದ ಬಂದಿತು. ಅಣ್ವಸ್ತ್ರದ ಉಪಯೋಗವು ನ್ಯಾಯಸಮ್ಮತವೇ ಎಂಬ ಪ್ರಶ್ನೆಯು ಅಂತಾರಾಷ್ಟ್ರೀಯ ನ್ಯಾಯಾಲಯದ ಮುಂದೆ ಬಂದಾಗ, 1996ರ ಜುಲೈ 8ರಂದು ನ್ಯಾಯಮೂರ್ತಿ ವೀರಮಂತ್ರಿಯವರು ಬರೆದ ಭಿನ್ನಾಭಿಪ್ರಾಯದಲ್ಲಿ ರಾಮಾಯಣ ಮಹಾಭಾರತಗಳು ಹೆಸರೆತ್ತಿ ಉದಾಹೃತವಾದುವು. ಸರ್ವನಾಶಕವಾದ ಅಸ್ತ್ರವು ಕೈಯಲ್ಲಿದ್ದರೂ ಅದನ್ನು ಬಿಡದಿರುವುದೇ ಧರ್ಮವೆಂಬ ಮಾತನ್ನು ಜಗತ್ತಿನ ಅತ್ಯುನ್ನತ ನ್ಯಾಯಪೀಠದ ದಾಖಲೆಯಲ್ಲಿ ಅವರು ಬರೆದಿಟ್ಟರು. ಇತರ ಜನಾಂಗಗಳೂ ಈ ಕಾಲದಲ್ಲಿ ಸುಮ್ಮನಿರಲಿಲ್ಲ. ರುವಾಂಡಾ ದೇಶದಲ್ಲಿ 1994ರ ನರಮೇಧದ ಅನಂತರ ಆಪಾದಿತರನ್ನು ಊರ ಹುಲ್ಲಿನ ಬಯಲಿನಲ್ಲಿ ಊರವರೇ ಸೇರಿ ವಿಚಾರಿಸುವ "ಗಚಾಚಾ" ಎಂಬ ಹಳೆಯ ಪಂಚಾಯಿತಿಯ ಕ್ರಮವನ್ನು ಹೊಸದಾಗಿ ರೂಪಿಸಿ, 2012ರವರೆಗೆ ನಡೆಸಿದರು. ದಕ್ಷಿಣ ಆಫ್ರಿಕದವರು "ಉಬುಂಟು" ಎಂಬ ತಮ್ಮ ತತ್ತ್ವವನ್ನು 1993ರ ಮಧ್ಯಂತರ ಸಂವಿಧಾನದಲ್ಲಿಯೇ ಹೆಸರಿಸಿ, ಸತ್ಯಶೋಧನೆಯ ಆಯೋಗವನ್ನು ನೇಮಿಸಿದರು. ಆ ಕ್ರಮಗಳಲ್ಲಿ ಕುಂದುಗಳಿದ್ದುವು. ಆದರೆ ಅವರು ತಮ್ಮ ಪರಂಪರೆಯನ್ನು ಮೊದಲು ತಮ್ಮ ಮನೆಯಲ್ಲಿ ಪ್ರಯೋಗಿಸಿದರು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ.

ನಮ್ಮ ಮಹಾಭಾರತವನ್ನು ಈ ದೃಷ್ಟಿಯಿಂದ ಓದಿದರೆ ಅದು ಹೊಗಳಿಕೆಗಿಂತ ಎಚ್ಚರಿಕೆಯನ್ನೇ ಹೆಚ್ಚಾಗಿ ಹೇಳುತ್ತದೆ. ಮಲಗಿ ನಿದ್ರಿಸುತ್ತಿದ್ದ ಪಾಂಚಾಲರನ್ನೂ ದ್ರೌಪದಿಯ ಐವರು ಮಕ್ಕಳನ್ನೂ ಅಶ್ವತ್ಥಾಮನು ರಾತ್ರಿಯಲ್ಲಿ ಕೊಂದನು. ತೊಡೆ ಮುರಿದು ಬಿದ್ದಿದ್ದ ದುರ್ಯೋಧನನು ಅವನಿಗೆ ಸೇನಾಪತಿಯ ಪಟ್ಟವನ್ನು ಕಟ್ಟಿಸಿದ್ದನು. ಆದರೂ ಒಡೆಯನ ಅಪ್ಪಣೆಯೆಂಬ ನೆಪವು ಅವನನ್ನು ಉಳಿಸಲಿಲ್ಲ. ಬ್ರಾಹ್ಮಣನೆಂದೂ ಗುರುಪುತ್ರನೆಂದೂ ಪ್ರಾಣವನ್ನು ಬಿಟ್ಟರೇ ಹೊರತು, ಶಿರೋಮಣಿಯನ್ನು ಕಿತ್ತುಕೊಂಡು ಮೂರು ಸಾವಿರ ವರ್ಷ ಒಬ್ಬಂಟಿಯಾಗಿ ಅಲೆಯುವ ಶಾಪವನ್ನು ತಪ್ಪಿಸಲಿಲ್ಲ. ಆದರೆ ಶಿಬಿರದ ಬಾಗಿಲಲ್ಲಿ ನಿಂತು ಓಡಿಬಂದವರನ್ನು ಕಡಿದ ಕೃಪಾಚಾರ್ಯನು ಶಿಕ್ಷೆಯಿಲ್ಲದೆ ಪಾರಾಗಿ, ಮುಂದೆ ಅದೇ ಪಾಂಡವರ ಮೊಮ್ಮಗನಿಗೆ ಗುರುವಾದನು. ದೊಡ್ಡವರ ನೆರವುಗಾರರು ಪಾರಾಗುವ ಈ ಪದ್ಧತಿಯು ದ್ವಾಪರಯುಗಕ್ಕೆ ಮುಗಿದುಹೋಯಿತೆಂದು ಹೇಳುವ ಧೈರ್ಯವು ನಮಗಿಲ್ಲ.

ಅದಕ್ಕಿಂತ ಮುಖ್ಯವಾದುದು ಗೆದ್ದವರ ವಿಷಯ. ಹೊಕ್ಕುಳಿನ ಕೆಳಗೆ ಹೊಡೆಯಕೂಡದೆಂಬ ಗದಾಯುದ್ಧದ ನಿಯಮವನ್ನು ಭೀಮನು ಮೀರಿದಾಗ ಬಲರಾಮನು ನೇಗಿಲನ್ನೆತ್ತಿದನು. ಒಂದು ಅರ್ಧಸತ್ಯವನ್ನಾಡಿದುದಕ್ಕಾಗಿ ಧರ್ಮರಾಯನ ರಥವು ನೆಲಕ್ಕಿಳಿಯಿತು, ಕಡೆಗೆ ನರಕದರ್ಶನವೂ ತಪ್ಪಲಿಲ್ಲ. ಯುದ್ಧವನ್ನು ತಡೆಯಬಲ್ಲವನಾಗಿದ್ದೂ ತಡೆಯದ ಶ್ರೀಕೃಷ್ಣನಿಗೇ ಗಾಂಧಾರಿಯ ಶಾಪವು ತಟ್ಟಿತು. ನಮ್ಮ ಕನ್ನಡದ ರನ್ನನಂತೂ ಗದಾಯುದ್ಧದ ಕಾವ್ಯದಲ್ಲಿ ಸೋತ ದುರ್ಯೋಧನನಿಗೆ ಅರಸನ ಗೌರವವನ್ನೇ ಕೊಟ್ಟಿದ್ದಾನೆ. ಭೀಮನನ್ನು ನಾಯಕನನ್ನಾಗಿ ಮಾಡಿಯೂ ಎದುರಾಳಿಯ ದುಃಖವನ್ನು ಮರೆಮಾಡಲಿಲ್ಲ. ಗೆದ್ದವ ಸೋತ, ಸೋತವ ಸತ್ತ ಎಂಬುದು ನಮ್ಮ ಜನರ ಗಾದೆ. ಗೆದ್ದವನೂ ಲೆಕ್ಕ ಒಪ್ಪಿಸತಕ್ಕವನೆಂಬುದೇ ನಮ್ಮ ಪರಂಪರೆಯು ಜಗತ್ತಿನ ಅಪರಾಧ ಶಾಸನಕ್ಕೆ ಕೊಡಬಹುದಾದ ಅತ್ಯುತ್ತಮ ಕಾಣಿಕೆ. ನ್ಯೂರೆಂಬರ್ಗಿನಲ್ಲಿಯೂ ಟೋಕಿಯೋದಲ್ಲಿಯೂ ಇಲ್ಲದುದು ಅದೇ.

ಗೆದ್ದವನೊಬ್ಬನು ತಾನಾಗಿಯೇ ಲೆಕ್ಕ ಒಪ್ಪಿಸಿದ ನಿದರ್ಶನವೂ ನಮ್ಮಲ್ಲಿದೆ. ಕಳಿಂಗದಲ್ಲಿ ಒಂದು ಲಕ್ಷ ಜನರು ಹತರಾದರು, ಒಂದೂವರೆ ಲಕ್ಷ ಜನರು ಸೆರೆಹೋದರು ಎಂದು ಅಶೋಕನು ತನ್ನ ಶಾಸನದಲ್ಲಿ ತಾನೇ ಬರೆಸಿ ಪಶ್ಚಾತ್ತಾಪಪಟ್ಟನು. ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಹಿಂಸೆ ಕೊಡಬೇಡಿ ಎಂದು ಕಳಿಂಗದ ನ್ಯಾಯಾಧಿಕಾರಿಗಳಿಗೆ ಪ್ರತ್ಯೇಕವಾಗಿ ಆಜ್ಞೆಯನ್ನು ಹೊರಡಿಸಿದನು. ಆ ಪ್ರತ್ಯೇಕ ಶಾಸನಗಳ ಪ್ರತಿಯು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ವಿಗ್ರಹವೊಂದರ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ, 1986ರಲ್ಲಿ ಸಿಕ್ಕಿತು. ಸೋತ ನಾಡಿನ ಪ್ರಜೆಗಳನ್ನು ಹಿಂಸಿಸಬಾರದೆಂಬ ಅಪ್ಪಣೆಯ ಕಲ್ಲನ್ನು ನಾವು ಶತಮಾನಗಳ ಕಾಲ ಓದದೆ ಪೀಠವಾಗಿ ಬಳಸಿದೆವು. ನಮ್ಮ ಪರಂಪರೆಯೊಡನೆ ನಮ್ಮ ಈಗಿನ ನಡವಳಿಕೆಯೂ ಹೆಚ್ಚುಕಡಿಮೆ ಹೀಗೆಯೇ ಇದೆ: ಅದರ ಮೇಲೆ ಪೂಜಾವಿಗ್ರಹವನ್ನು ನಿಲ್ಲಿಸುತ್ತೇವೆ, ಅದರಲ್ಲಿ ಬರೆದಿರುವುದನ್ನು ಓದುವುದಿಲ್ಲ.

ಹೀಗೆ ಹೇಳಲು ಕಾರಣವಿದೆ. 1946ರಲ್ಲಿ ಜನಾಂಗಹತ್ಯೆಯ ಪ್ರಶ್ನೆಯನ್ನು ಸಂಯುಕ್ತ ರಾಷ್ಟ್ರಗಳ ಮಹಾಸಭೆಯ ಮುಂದಿಟ್ಟ ಮೂರು ದೇಶಗಳಲ್ಲಿ ಭಾರತವೂ ಒಂದು. ಇನ್ನೆರಡು ಕ್ಯೂಬಾ ಮತ್ತು ಪನಾಮಾ. 1948ರ ಡಿಸೆಂಬರ್ 9ರಂದು ಜನಾಂಗಹತ್ಯೆಯ ನಿಷೇಧದ ಒಪ್ಪಂದವು ಅಂಗೀಕೃತವಾಯಿತು. ಭಾರತವು 1949ರಲ್ಲಿ ರುಜುಹಾಕಿ 1959ರಲ್ಲಿ ಅದನ್ನು ಸ್ಥಿರೀಕರಿಸಿತು. ಆ ಒಪ್ಪಂದದ ಪ್ರಕಾರ ಪ್ರತಿಯೊಂದು ದೇಶವೂ ತನ್ನಲ್ಲಿ ತಕ್ಕ ಶಾಸನವನ್ನು ಮಾಡತಕ್ಕದ್ದು. ದಶಕಗಳು ಉರುಳಿದರೂ ನಮ್ಮ ಪಾರ್ಲಿಮೆಂಟು ಆ ಶಾಸನವನ್ನು ಮಾಡಿಲ್ಲ. 1960ರ ಜಿನೀವಾ ಒಪ್ಪಂದಗಳ ಶಾಸನವೊಂದಿದೆಯಷ್ಟೆ. ಅದರ ಕೆಳಗೂ ಸರಕಾರದವರೇ ದೂರು ಕೊಟ್ಟ ಹೊರತು ನ್ಯಾಯಾಲಯವು ಮೊಕದ್ದಮೆಯನ್ನು ಕೈಗೆತ್ತಿಕೊಳ್ಳುವಂತಿಲ್ಲ. 1984ರಲ್ಲಿ ದೆಹಲಿಯಲ್ಲಿ ಸಿಖ್ಖರ ಕಗ್ಗೊಲೆಯಾಯಿತು. ಸರಕಾರದ ಲೆಕ್ಕದಲ್ಲಿಯೇ ಸತ್ತವರು 2,733. ಮೂವತ್ತನಾಲ್ಕು ವರ್ಷಗಳ ಮೇಲೆ, 2018ರ ಡಿಸೆಂಬರ್ 17ರಂದು, ಆ ಸಂಬಂಧದಲ್ಲಿ ಒಬ್ಬ ಮಾಜಿ ಲೋಕಸಭಾ ಸದಸ್ಯರಿಗೆ ಶಿಕ್ಷೆ ವಿಧಿಸಿದ ದೆಹಲಿ ಉಚ್ಚ ನ್ಯಾಯಾಲಯವು, ಮಾನವತೆಯ ವಿರುದ್ಧದ ಅಪರಾಧವಾಗಲಿ ಜನಾಂಗಹತ್ಯೆಯಾಗಲಿ ನಮ್ಮ ದೇಶದ ದಂಡಶಾಸನದಲ್ಲಿ ಸೇರಿಲ್ಲವೆಂದು ತೋರಿಸಿ, ಈ ಲೋಪವನ್ನು ಬೇಗನೆ ತುಂಬಬೇಕೆಂದು ಸ್ಪಷ್ಟವಾಗಿ ಹೇಳಿತು. ಅದಾದ ಮೇಲೆ ಹಳೆಯ ದಂಡಸಂಹಿತೆಯನ್ನು ತೆಗೆದುಹಾಕಿ ಭಾರತೀಯ ನ್ಯಾಯಸಂಹಿತೆಯೆಂಬ ಹೊಸ ಗ್ರಂಥವನ್ನೇ ರಚಿಸಿದರು. ಅದು 2024ರ ಜುಲೈ 1ರಿಂದ ಆಚರಣೆಗೆ ಬಂದಿದೆ. ವಸಾಹತುಗಾರರ ಶಾಸನವನ್ನು ಕಳಚಿ ಸ್ವದೇಶೀ ನ್ಯಾಯವನ್ನು ಸ್ಥಾಪಿಸಿದೆವೆಂದು ಸಾರಿದರು. ಆದರೆ ಆ ಎರಡು ಅಪರಾಧಗಳು ಅದರಲ್ಲಿಯೂ ಇಲ್ಲ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಪರದೇಶದವರು ನಮ್ಮನ್ನು ಆಡಿಕೊಂಡರೆ ಏನೆಂದು ಉತ್ತರಿಸುವುದು?

ಇದಕ್ಕೆ ಸರಕಾರದ ಪಕ್ಷದವರು ಕೊಡುವ ಸಮಾಧಾನಗಳನ್ನೂ ನ್ಯಾಯವಾಗಿ ಪರಿಶೀಲಿಸೋಣ. ರೋಮ್ ಶಾಸನಕ್ಕೆ ಭಾರತವು ಮತ ಕೊಡದೆ ತಟಸ್ಥವಾಗಿತ್ತು, ಇಂದಿನವರೆಗೂ ಸೇರಿಲ್ಲ. ಭದ್ರತಾ ಸಮಿತಿಯ ಕೈಗೆ ಮೊಕದ್ದಮೆಗಳನ್ನು ಕಳುಹಿಸುವ ಅಧಿಕಾರವನ್ನು ಕೊಟ್ಟುದು ಸರಿಯಲ್ಲ, ಅಣ್ವಸ್ತ್ರಗಳನ್ನು ನಿಷಿದ್ಧಾಯುಧಗಳ ಪಟ್ಟಿಯಲ್ಲಿ ಸೇರಿಸಲಿಲ್ಲ ಎಂಬ ಆಕ್ಷೇಪಣೆಗಳಲ್ಲಿ ಹುರುಳಿದೆಯೆಂದು ನಾವು ಒಪ್ಪುತ್ತೇವೆ. ಅಮೆರಿಕ, ರಷ್ಯ, ಚೀನಗಳು ಆ ನ್ಯಾಯಾಲಯಕ್ಕೆ ತಾವು ಅಧೀನರಾಗದೆ ಬೇರೆಯವರನ್ನು ಅದರ ಮುಂದೆ ನಿಲ್ಲಿಸಲು ಮತ ಕೊಡಬಲ್ಲವು. ಪಾಲರು ಖಂಡಿಸಿದ ಅಸಮಾನತೆಯೇ ಇದು. ಆದರೆ ಪರದೇಶದ ನ್ಯಾಯಾಲಯವು ಬೇಡವೆನ್ನುವವನು ಸ್ವದೇಶದ ನ್ಯಾಯಾಲಯವನ್ನು ಸಿದ್ಧವಾಗಿಡಬೇಕಲ್ಲವೇ? ಸ್ವದೇಶದಲ್ಲಿ ಪ್ರಾಮಾಣಿಕವಾದ ವಿಚಾರಣೆ ನಡೆಯುವಲ್ಲಿ ಹೇಗಿನ ನ್ಯಾಯಾಲಯವು ಕೈಹಾಕಕೂಡದೆಂಬುದು ಆ ರೋಮ್ ಶಾಸನದ್ದೇ ತತ್ತ್ವ. ಸ್ವಾತಂತ್ರ್ಯಾಭಿಮಾನದ ದೃಷ್ಟಿಯಿಂದಲೇ ನೋಡಿದರೂ ನಮ್ಮದೇ ಶಾಸನವೇ ನಮಗೆ ಗುರಾಣಿ.

ಕೊಲೆ, ದರೋಡೆ, ಅತ್ಯಾಚಾರಗಳಿಗೆ ಶಾಸನವಿರುವಾಗ ಹೊಸದೇಕೆ ಎಂಬುದು ಇನ್ನೊಂದು ಆಕ್ಷೇಪಣೆ. ಕೊಲೆಯ ಶಾಸನವು ಮುಖ್ಯವಾಗಿ ಒಂದು ಹೆಣವನ್ನೂ ಒಂದು ಕತ್ತಿಯನ್ನೂ ಕಾಣುತ್ತದೆ. ಸಾವಿರ ಹೆಣಗಳ ಹಿಂದೆ ನಿಂತು ಮನೆಗಳ ಪಟ್ಟಿಯನ್ನು ಕೊಟ್ಟವನು, ತಡೆಯುವ ಅಧಿಕಾರವಿದ್ದೂ ಕಣ್ಣುಮುಚ್ಚಿಕೊಂಡವನು ಅದರ ಬಲೆಗೆ ಸುಲಭವಾಗಿ ಸಿಕ್ಕುವುದಿಲ್ಲ. ಸಾಲದುದಕ್ಕೆ, ಅಧಿಕಾರನಿಮಿತ್ತವಾಗಿ ಮಾಡಿದ ಕೃತ್ಯಕ್ಕಾಗಿ ಸರಕಾರಿ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲು ಸರಕಾರದ ಮುಂಗಡ ಅನುಮತಿ ಬೇಕೆಂಬ ಬ್ರಿಟಿಷರ ಕಾಲದ ಕಟ್ಟಳೆಯು ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ಬೇಲಿಯೇ ಎದ್ದು ಹೊಲವನ್ನು ಮೇಯ್ದಾಗ ಬೇಲಿಯ ಅಪ್ಪಣೆಯನ್ನು ಕೇಳಿ ದೂರು ಕೊಡಬೇಕೆಂದರೆ ರೈತನ ಗತಿಯೇನು? ಸಾಮಾನ್ಯನಿಗೆ ಒಂದು ಪಣ ದಂಡವಾಗುವ ತಪ್ಪಿಗೆ ಅರಸನಿಗೆ ಸಾವಿರ ಪಣ ದಂಡವೆಂದು ಮನುವೇ ಹೇಳಿದ್ದಾನೆ. ನಿರಪರಾಧಿಯನ್ನು ದಂಡಿಸಿದ ಅರಸನು ಮೂವತ್ತು ಪಟ್ಟು ತೆರಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಪದವಿಯು ದೊಡ್ಡದಾದಷ್ಟೂ ಶಿಕ್ಷೆಯು ದೊಡ್ಡದಾಗತಕ್ಕದ್ದೆಂಬುದು ಹಳೆಯ ಸ್ವದೇಶೀ ತತ್ತ್ವ. ಪದವಿಯು ದೊಡ್ಡದಾದಷ್ಟೂ ರಕ್ಷಣೆಯು ದೊಡ್ಡದಾಗತಕ್ಕದ್ದೆಂಬುದು ವಸಾಹತುಶಾಹಿಯ ತತ್ತ್ವ. ಸ್ವದೇಶಾಭಿಮಾನಿಗಳಾದವರು ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ನಾವು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ವಿಹಿತ. ಜನ್ಮವನ್ನು ನೋಡಿ ಶಿಕ್ಷೆಯನ್ನು ಹೆಚ್ಚುಕಡಿಮೆ ಮಾಡುವ ಸ್ಮೃತಿವಿಧಿಗಳನ್ನು ನಾವು ಮರಳಿ ಬಯಸುತ್ತಿಲ್ಲ. ಅವುಗಳನ್ನು 1950ರ ಸಂವಿಧಾನವು ಹೊರಹಾಕಿತು, ಹಾಕಿದ್ದು ಸರಿಯೇ. ಪರಂಪರೆಯಿಂದ ತೆಗೆದುಕೊಳ್ಳತಕ್ಕದ್ದು ಅಧಿಕಾರಸ್ಥನನ್ನು ಒರೆಗೆ ಹಚ್ಚುವ ಕಲ್ಲನ್ನು ಮಾತ್ರ.

ಆದುದರಿಂದ ಪಾರ್ಲಿಮೆಂಟಿನ ಸದಸ್ಯರು, ವಿಶೇಷವಾಗಿ ನಮ್ಮ ಕನ್ನಡ ನಾಡಿನಿಂದ ಆರಿಸಿಹೋಗಿರುವವರು, ಮಾಡತಕ್ಕದ್ದು ಇಷ್ಟು. ಜನಾಂಗಹತ್ಯೆಯನ್ನೂ ಮಾನವತೆಯ ವಿರುದ್ಧದ ಅಪರಾಧವನ್ನೂ ಸ್ಪಷ್ಟವಾದ ಲಕ್ಷಣದೊಡನೆ ದಂಡಶಾಸನದಲ್ಲಿ ಸೇರಿಸತಕ್ಕದ್ದು. ತಡೆಯಬಲ್ಲವನಾಗಿದ್ದೂ ತಡೆಯದ ಮೇಲಧಿಕಾರಿಯನ್ನು, ಅವನು ಮಂತ್ರಿಯಾಗಲಿ ಸೇನಾನಿಯಾಗಲಿ, ಹೊಣೆಗಾರನನ್ನಾಗಿ ಮಾಡತಕ್ಕದ್ದು. ಇಂತಹ ಅಪರಾಧಗಳಿಗೆ ಸರಕಾರದ ಮುಂಗಡ ಅನುಮತಿಯ ಅಡ್ಡಿಯನ್ನು ತೆಗೆದುಹಾಕತಕ್ಕದ್ದು. ಮುಂದೆ ನಡೆಯುವ ಕೃತ್ಯಗಳಿಗೆ ಮಾತ್ರ ಅನ್ವಯಿಸುವಂತೆ ಅದನ್ನು ರಚಿಸಿದರೆ ಪಾಲರು ಎತ್ತಿದ ಆಕ್ಷೇಪಣೆಗೂ ಅವಕಾಶವಿರದು. ಈ ಒಂದು ಕಾರಣಕ್ಕಾಗಿಯೇ ವಿಳಂಬವು ಸಲ್ಲದು. ಹಿಂದಿನದಕ್ಕೆ ಅನ್ವಯಿಸದ ಶಾಸನವನ್ನು ತಡಮಾಡಿದ ಪ್ರತಿಯೊಂದು ವರ್ಷವೂ ಅಪರಾಧಿಗೆ ಬರೆದುಕೊಟ್ಟ ಅಭಯಪತ್ರವಾಗುತ್ತದೆ.

ಹಲಸೂರು ಬಾಗಿಲಿನಲ್ಲಿ 1791ರಲ್ಲಿ ನುಗ್ಗಿದವರನ್ನು ಕೇಳುವವರಿರಲಿಲ್ಲ. ಪೇಟೆಯ ಜನರ ಮೊರೆಯನ್ನು ಬರೆದಿಡುವವರೂ ಇರಲಿಲ್ಲ. ಅದಕ್ಕೂ ಒಂಬೈನೂರು ವರ್ಷಗಳ ಹಿಂದೆ ಬೇಗೂರಿನ ಜನರು ಸತ್ತವನ ಹೆಸರಿನಲ್ಲಿ ಒಂದು ಕಲ್ಲನ್ನಾದರೂ ನೆಟ್ಟರು. ನಾವು ಇಂದು ಸ್ವತಂತ್ರ ರಾಷ್ಟ್ರದ ಪ್ರಜೆಗಳು, ಶಾಸನವನ್ನು ನಾವೇ ಮಾಡಿಕೊಳ್ಳುವ ಅಧಿಕಾರವುಳ್ಳವರು. ಪೆಣ್ಬುಯ್ಯಲ್ ಕೇಳಿಬಂದಾಗ, ಊರಳಿವು ನಡೆದಾಗ, ಅಪರಾಧಕ್ಕೆ ಹೆಸರಿಡುವ ಶಬ್ದವು ನಮ್ಮ ಹಳೆಯ ಕಲ್ಲುಗಳಲ್ಲಿ ಉಂಟು, ಹೊಸ ಸಂಹಿತೆಯಲ್ಲಿ ಇಲ್ಲವೆಂಬುದು ನಾಚಿಕೆಗೇಡು. ದಂಡು ಇರುವಲ್ಲಿ ದಂಡವೂ ಇರಲಿ. ಧರ್ಮಯುದ್ಧದ ನಾಡೆಂಬ ಬಿರುದನ್ನು ಅನಂತರ ನಾವು ಹೇಳಿಕೊಳ್ಳಬೇಕಾಗಿಲ್ಲ, ಲೋಕವೇ ಹೇಳುವುದು.